ಪ್ಯಾನಲ್ ಬಾಕ್ಸ್ ಹಾಕಿಸುವವರೇ, ಅರ್ಥ್ ವೈರ್ ಎಲ್ಲಿಗೆ ಸೇರಿದೆ ಅಂತ ಬಿಚ್ಚಿಸಿ ನೋಡಿ

ಗಿರಣಿ, ವರ್ಕ್‌ಶಾಪ್ ಇರುವವರು ದಯವಿಟ್ಟು ಓದಿ. ನಾನು ಮೋಸ ಹೋದೆ. ದುಡ್ಡು ಹೋಗಲಿ, ನಮ್ಮಮ್ಮನ ಜೀವವೇ ಹೋಗುತ್ತಿತ್ತು.

ತಿಪಟೂರಿನ ಹತ್ತಿರ ನಮ್ಮದೊಂದು ಹಿಟ್ಟಿನ ಗಿರಣಿ. 10 ಎಚ್‌ಪಿ ಮೋಟಾರಿನ 415 ವೋಲ್ಟ್ ಸ್ಟಾರ್ಟರ್, ಲೈಟಿನ 230 ವೋಲ್ಟ್, ಕ್ಯಾಮೆರಾದ 12 ವೋಲ್ಟ್ ಅಡಾಪ್ಟರ್, ಮೂರನ್ನೂ ಒಂದೇ ಕಬ್ಬಿಣದ ಬಾಕ್ಸ್‌ನಲ್ಲಿ ಕೂರಿಸಿ ಕೊಟ್ಟ ಕಂಟ್ರಾಕ್ಟರ್. ಬಿಲ್‌ನಲ್ಲಿ ‘ಅರ್ಥಿಂಗ್ ಸಮೇತ’ ಅಂತ ಬರೆದಿದ್ದ. ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿದ್ದನ್ನು ನಾನೇ ನಿಂತು ನೋಡಿದ್ದೆ. ನಂಬದೆ ಇನ್ನೇನು ಮಾಡಲಿ?

ಎರಡೇ ತಿಂಗಳು. ಬಾಕ್ಸ್ ಬಾಗಿಲು ಮುಟ್ಟಿದರೆ ಜುಮ್ ಅನ್ನತೊಡಗಿತು. ಫೋನ್ ಮಾಡಿದೆ. “ಮಳೆಗಾಲ ಅಲ್ವಾ ಅಣ್ಣ, ಸ್ವಲ್ಪ ಹಂಗೇ. ಚಪ್ಪಲಿ ಹಾಕ್ಕೊಂಡು ಮುಟ್ಟಿ” ಅಂದ. ನಾನೂ ಸುಮ್ನಾದೆ. ಮೂರನೇ ದಿನ ಅಮ್ಮ ಬರಿಗಾಲಲ್ಲಿ ಬಂದು ಬಾಗಿಲಿಗೆ ಕೈ ಇಟ್ಟವರು ಎತ್ತಿ ಒಗೆದ ಹಾಗೆ ಬಿದ್ದರು. ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗಲೇ ಇಲ್ಲ. ಕ್ಯಾಮೆರಾ, ರೆಕಾರ್ಡರ್ ಎರಡೂ ಸುಟ್ಟಿದ್ದವು.

ಬೇರೆ ವೈರ್‌ಮನ್ ಬಂದು ಬಾಕ್ಸ್ ಬಿಚ್ಚಿದರು. ಗುಂಡಿಯಿಂದ ಬಂದ ಹಸಿರು ವೈರನ್ನು ಬಾಕ್ಸ್ ಹಿಂದೆ ಸುರುಳಿ ಸುತ್ತಿ, ಟೇಪ್ ಹಾಕಿ ಬಿಟ್ಟಿದ್ದ! ಎಲ್ಲಿಗೂ ಸೇರಿಸಿಯೇ ಇಲ್ಲ. ನನಗೆ ಮಾತೇ ಹೊರಡಲಿಲ್ಲ. ಅಷ್ಟು ಜನರ ಮುಂದೆ, ನಾನೇ ನಿಂತು ಮಾಡಿಸಿದ ಕೆಲಸ ಅದು.

ಅರ್ಥ್ ಬದಲು ಬಾಕ್ಸಿನ ಬಾಡಿಯನ್ನು ನ್ಯೂಟ್ರಲ್‌ಗೆ, ಅಂದರೆ ಕರೆಂಟು ವಾಪಸ್ ಹೋಗುವ ವೈರಿಗೆ ಜೋಡಿಸಿದ್ದ. ಅಡಾಪ್ಟರಿನ ಮೈನಸ್ ಕೂಡ ಅದೇ ಬೋಲ್ಟಿಗೆ. ಮೇನ್ ಕಡೆ ನ್ಯೂಟ್ರಲ್ ಕಿತ್ತುಕೊಂಡಾಗ ಲೈಟಿನ ಮೂಲಕ ಬಂದ ಕರೆಂಟು ಬಾಕ್ಸಿಗೆ ಇಳಿದಿದೆ. ಅಲ್ಲಿಂದ ಕ್ಯಾಮೆರಾ ಕೇಬಲ್ ಹಿಡಿದು ಹೊರಗಿನ ಕಬ್ಬಿಣದ ಕಂಬಕ್ಕೆ. ಅಷ್ಟು ಕಡಿಮೆ ಕರೆಂಟಿಗೆ ಎಂಸಿಬಿ ಬೀಳುವುದಿಲ್ಲವಂತೆ. ಆದರೆ ಮನುಷ್ಯ ಸಾಯೋದಕ್ಕೆ ಅಷ್ಟೇ ಸಾಕು.

ಕಂಟ್ರಾಕ್ಟರ್‌ನ ಕೇಳಿದರೆ ಏನಂದ ಗೊತ್ತಾ? “ನ್ಯೂಟ್ರಲ್ಲೂ ಅರ್ಥೇ ಅಣ್ಣ, ಎರಡೂ ಭೂಮಿಗೇ ಹೋಗೋದು.” ಅಮ್ಮ ಆಸ್ಪತ್ರೆಯಲ್ಲಿದ್ದಾರೆ ಅಂದೆ. “12 ವೋಲ್ಟ್‌ಗೆಲ್ಲ ಯಾರು ಅರ್ಥಿಂಗ್ ಕೊಡ್ತಾರೆ?” ಅಂದ. ನಾನು ಕೇಳಿದ್ದು ಬಾಕ್ಸಿಗೆ, 12 ವೋಲ್ಟಿಗಲ್ಲ! ಆಮೇಲೆ ಫೋನೇ ಎತ್ತಲಿಲ್ಲ.

415 ವೋಲ್ಟ್ ಮೋಟಾರಿಗೆ ಎರಡು ಬೇರೆ ಬೇರೆ ಅರ್ಥ್ ಇರಲೇಬೇಕು, ಅದು ನಿಯಮ. ಬಾಕ್ಸ್ ಬಾಗಿಲಿಗೂ ಅರ್ಥ್ ವೈರ್ ಬರಬೇಕು. 12 ವೋಲ್ಟ್ ವೈರುಗಳನ್ನು ಅಡ್ಡ ತಗಡು ಹಾಕಿಸಿ ಬೇರೆ ಇಡಿಸಿ. ಲೈಟಿನ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನ್ ಆಫ್ ಮಾಡುವ ಸ್ವಿಚ್) ಹಾಕಿಸಿ. ಬಾಕ್ಸ್ ಬಿಚ್ಚಿ, ಮೀಟರ್ ಇಟ್ಟು ತೋರಿಸಿದ ಮೇಲೇ ದುಡ್ಡು ಕೊಡಿ. ನಾನು ಮೊದಲೇ ಪೂರ್ತಿ ಕೊಟ್ಟುಬಿಟ್ಟಿದ್ದೆ.