ಸಿಟಿ ನೇಚರ್ ಚಾಲೆಂಜೋ, ಹಕ್ಕಿ ಎಣಿಕೆಯೋ?

ಸುತ್ತಲಿನ ಜೀವಿಗಳನ್ನು ಸಾಮಾನ್ಯ ಜನರೇ ನೋಡಿ ದಾಖಲಿಸುವ ಕಾರ್ಯಕ್ರಮಗಳಿವು. ಎರಡೂ ಉಚಿತ, ಎರಡೂ ನಾಲ್ಕು ದಿನದ್ದು. ಹಕ್ಕಿ ಎಣಿಕೆ, ಅಂದರೆ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್, ಫೆಬ್ರವರಿಯಲ್ಲಿ; ಗಿಡ, ಪ್ರಾಣಿಗಳ ಫೋಟೊ ತೆಗೆದು ಹಾಕುವ ಸಿಟಿ ನೇಚರ್ ಚಾಲೆಂಜ್ ಏಪ್ರಿಲ್ ಕೊನೆಯ ಹೊತ್ತಿಗೆ.

ಹಕ್ಕಿ ಎಣಿಕೆಗೆ ಕ್ಯಾಮೆರಾ ಬೇಡ. ಕಿಟಕಿ ಪಕ್ಕ 15 ನಿಮಿಷ ಕೂತರೂ ಸಾಕು. ಆದರೆ ಯಾವ ಹಕ್ಕಿ, ಎಷ್ಟಿದ್ದವು ಅಂತ ನೀವೇ ಬರೆಯಬೇಕು. ಗುರುತಿಸಲು ಮರ್ಲಿನ್ ಆಪ್ ನೆರವಾಗುತ್ತದೆ.

ಚಾಲೆಂಜ್‌ನಲ್ಲಿ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಐನ್ಯಾಚುರಲಿಸ್ಟ್ ಆಪ್‌ಗೆ ಫೋಟೊ ಹಾಕಿ, ಗೊತ್ತಿರುವವರು ಗುರುತಿಸಿಕೊಡುತ್ತಾರೆ. ಗಿಡವಾದರೆ ಸುಮ್ನೆ ಹೂವಿನ ಫೋಟೊ ಒಂದನ್ನೇ ತೆಗೆಯಬೇಡಿ. ಎಲೆಯ ಹಿಂಬದಿ, ಕಾಂಡ, ಕಾಯಿಯೂ ಇರಲಿ. ಎಷ್ಟೋ ಸಲ ಗುರುತು ಸಿಗುವುದು ಅಲ್ಲೇ. ಕುಂಡದ ಗಿಡ, ಸಾಕುಪ್ರಾಣಿ ಲೆಕ್ಕಕ್ಕಿಲ್ಲ.

ಜಾಸ್ತಿ ನಡೆಯಲಾಗದ ಹಿರಿಯರಿಗೆ ಹಕ್ಕಿ ಎಣಿಕೆಯೇ ಸರಿ. ಹುಳ, ಅಣಬೆ ಕಂಡಲ್ಲೆಲ್ಲ ಬಗ್ಗಿ ಕೂರುವ ಮಕ್ಕಳಿದ್ದರೆ ಚಾಲೆಂಜ್‌ಗೆ ಸೇರಿ. ಗೂಡಿನ ಹತ್ತಿರ ಹೋಗಿ ಹಕ್ಕಿಗಳನ್ನು ಬೆದರಿಸುವುದು ಮಾತ್ರ ಎರಡರಲ್ಲೂ ಬೇಡ.