ಸ್ಯಾಡಲ್ ಸೋಪ್: ಕೊಳೆಗೆ ಸೈ, ಎಣ್ಣೆ ಕಲೆಗಲ್ಲ

ಕುದುರೆ ಜೀನಿಗೆಂದೇ ಹುಟ್ಟಿದ ಸೋಪು ಇದು. ಕೈಬೆವರು ಕೂತು ಕಪ್ಪಾದ ಚರ್ಮದ ಬ್ಯಾಗಿನ ಹಿಡಿಕೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಒದ್ದೆ ಸ್ಪಂಜನ್ನು ಗಟ್ಟಿಯಾಗಿ ಹಿಂಡಿ, ಸೋಪಿನ ಡಬ್ಬಿಯಲ್ಲಿ ಎರಡು ಸುತ್ತು ತಿಕ್ಕಿ, ನೊರೆಯನ್ನಷ್ಟೇ ಹಚ್ಚಿ. ಒಣಗುವ ಮುಂಚೆಯೇ ಒರೆಸಬೇಕು. ತಡವಾದರೆ ಹೊಲಿಗೆ ಸಾಲಿನಲ್ಲಿ ಬಿಳಿ ಪುಡಿ ನಿಲ್ಲುತ್ತದೆ. ಸೋಪು ಕ್ಷಾರೀಯ, ಚರ್ಮ ತುಸು ಆಮ್ಲೀಯ. ವಾರವಾರ ಉಜ್ಜಿದರೆ ಚರ್ಮ ಒಣಗಿ ಬಿರಿಯುತ್ತದೆ. ವರ್ಷಕ್ಕೆರಡು ಸಲ ಧಾರಾಳ. ನೆರಳಲ್ಲಿ ಆರಿದ ಮೇಲೆ ಚರ್ಮ ಮೆದುವಾಗಿಸುವ ಲೆದರ್ ಕಂಡೀಷನರ್ ಬೇಕೇ ಬೇಕು.

ಟಿಫಿನ್ ಡಬ್ಬಿ ಸೋರಿದ ಎಣ್ಣೆಗೆ ಮಾತ್ರ ಇದನ್ನು ಮುಟ್ಟಿಸಬೇಡಿ, ಕಲೆ ಅಗಲವಾದೀತು. ಅದಕ್ಕೆ ಕಾರ್ನ್‌ಫ್ಲೋರ್ ಉದುರಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೆತ್ತನೆ ಬ್ರಷ್‌ನಿಂದ ಕೊಡವಿ. ಇಂಗಿದ ಬಾಲ್‌ಪೆನ್ ಶಾಯಿಯೂ ಸ್ಯಾಡಲ್ ಸೋಪಿನಿಂದ ಹೋಗದು. ಸ್ವೀಡ್ (ಮಖಮಲ್ಲಿನಂತೆ ನವಿರು ಎಳೆಯಿರುವ ಚರ್ಮ) ಬ್ಯಾಗಿಗಂತೂ ಬೇಡವೇ ಬೇಡ.