ಚೆಂಡೆ, ಮದ್ದಳೆ ಮತ್ತು ಜೆಬಿಎಲ್ 305ಪಿ ಮಾರ್ಕ್ 2

ಯಾವ ಸ್ಪೀಕರಿನ ಮುಂದೆ ಕುಳಿತರೂ ನಾನು ಮೊದಲು ಹಾಕಿಸುವುದು ಬಡಗುತಿಟ್ಟಿನ ಯಕ್ಷಗಾನದ ಒಂದು ಹಳೆಯ ಧ್ವನಿಮುದ್ರಣ. ಚೆಂಡೆಯ ಪೆಟ್ಟು ಚಾಟಿಯಂತೆ ಬರಬೇಕು, ಕಿವಿಗೆ ಚುಚ್ಚಬಾರದು. ಭಾಗವತರ ಏರುಶ್ರುತಿ ಅದರಡಿ ಮುಳುಗಬಾರದು. ಮಂಗಳೂರಿನ ಅಂಗಡಿಯೊಂದರಲ್ಲಿ ಹೀಗೆ ಕೇಳಿದಾಗ ಗೆದ್ದದ್ದು ದುಬಾರಿ ಜೋಡಿ. ಅದರ ಸರದಿ ಬಂದಾಗಲೆಲ್ಲ ಧ್ವನಿಯ ಗುಂಡಿ ತುಸು ಮೇಲೇರುತ್ತಿದ್ದುದನ್ನು ಆಮೇಲೆ ಗಮನಿಸಿದೆ. ಒಂದು ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಅದು ಜೋರು ಅನ್ನಿಸುವುದಿಲ್ಲ, ಚೆನ್ನ ಅನ್ನಿಸುತ್ತದೆ. ಕೊಳ್ಳದೆ ಬಸ್ ಹತ್ತಿದೆ.

ಕೊನೆಗೆ ಅಳತೆಗಳನ್ನು ನೋಡಿ ತರಿಸಿದ್ದು ಜೆಬಿಎಲ್ 305ಪಿ. ಮಂದ್ರ ಧ್ವನಿಗೆ 5 ಇಂಚಿನ ವೂಫರ್, ಒಳಗೇ ಆಂಪ್ಲಿಫೈಯರ್. 49 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ 3 ಡೆಸಿಬೆಲ್ ಏರಿಳಿತದೊಳಗೆ ಎಂಬುದು ಕಂಪನಿಯ ಲೆಕ್ಕ. ನನ್ನನ್ನು ಒಪ್ಪಿಸಿದ್ದು ಈ ಸಾಲಲ್ಲ, ಪಕ್ಕಕ್ಕೆ ಚೆಲ್ಲುವ ಧ್ವನಿಯೂ ಎದುರಿನದರಂತೆಯೇ ನಯವಾಗಿ ಸಾಗುವ ಗ್ರಾಫ್. ಕೋಣೆಯಲ್ಲಿ ನಾವು ಕೇಳುವುದರಲ್ಲಿ ಗೋಡೆಗೆ ಬಡಿದು ಬಂದದ್ದರ ಪಾಲು ದೊಡ್ಡದು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಸ್ಪೀಕರುಗಳನ್ನು ಪರದೆಯ ಮರೆಯಲ್ಲಿಟ್ಟು ಕೇಳಿಸಿದಾಗ ಹೆಚ್ಚಿನವರು ಮೆಚ್ಚಿದ್ದು ಇಂಥ ಗ್ರಾಫಿನವುಗಳನ್ನೇ.

ಮನೆಯಲ್ಲಿ ನಾನೂ ಪರದೆ ಕಟ್ಟಿದೆ. ಮೊಬೈಲಿನಲ್ಲಿ ಅಳೆದು ಜೆಬಿಎಲ್ ಮತ್ತು ನನ್ನ ಹಳೆಯ ಸ್ಪೀಕರ್, ಈ ಎರಡೂ ಜೋಡಿಗಳ ಧ್ವನಿಯನ್ನು ಸಮ ಮಾಡಿದೆ. ಮಗಳು ಹೇಳದೆ ಕೇಳದೆ ಬದಲಿಸುತ್ತಿದ್ದಳು. ಹತ್ತರಲ್ಲಿ ಎಂಟು ಸಲ ನಾನು ಆರಿಸಿದ್ದು ಜೆಬಿಎಲ್. ಹಿಂದಿನ ದಿನ ಕಣ್ಣೆದುರಿಟ್ಟು ಕೇಳಿದಾಗ ನನ್ನ ಹಳೆಯ ಮರದ ಪೆಟ್ಟಿಗೆಗಳೇ ಮೇಲು ಎಂದು ಬರೆದಿಟ್ಟುಕೊಂಡಿದ್ದೆ. ಅವುಗಳ ಮೇಲಿನ ಇಪ್ಪತ್ತು ವರ್ಷಗಳ ಪ್ರೀತಿಯನ್ನೂ ಸೇರಿಸಿ ಕೇಳಿದ್ದೆ.

ಆದರೂ ಮದ್ದಳೆಯ ಎಡಗೈ ಪೆಟ್ಟು ಗುಂಯ್ ಎಂದು ಊದಿಕೊಳ್ಳುತ್ತಿತ್ತು. ಇದು ಯಾವ ಗ್ರಾಫಿನಲ್ಲೂ ಇರಲಿಲ್ಲ, ಇರುವಂತೆಯೂ ಇಲ್ಲ. ತಪ್ಪು ಉಡುಪಿಯ ನಮ್ಮ ಕೋಣೆಯದು. 11 ಅಡಿ ಉದ್ದ, ಮುರಕಲ್ಲಿನ ಗೋಡೆ, ಕಾವಿ ನೆಲ, ಮೆತ್ತಗಿನದು ಒಂದೂ ಇಲ್ಲ. ಅಷ್ಟು ಉದ್ದಕ್ಕೆ ಸುಮಾರು 51 ಹರ್ಟ್ಸ್‌ನಲ್ಲೂ ಅದರ ಇಮ್ಮಡಿ 102ರಲ್ಲೂ ಧ್ವನಿ ಎದುರುಬದುರು ಗೋಡೆಗಳ ನಡುವೆ ಕಟ್ಟಿಕೊಳ್ಳುತ್ತದೆ. ಸ್ಪೀಕರಿನ ಹಿಂಬದಿಯಲ್ಲಿ ಮಂದ್ರ ಧ್ವನಿಯನ್ನು ಕುಗ್ಗಿಸುವ ಬೌಂಡರಿ ಸ್ವಿಚ್ಚನ್ನು ಮೈನಸ್ 3 ಡೆಸಿಬೆಲ್ಲಿಗೆ ಇಳಿಸಿದೆ. ಗೋಡೆಗೆ ತಾಗಿದ್ದ ಕುರ್ಚಿಯನ್ನು ಮೂರಡಿ ಮುಂದೆ ಎಳೆದೆ. ಮದ್ದಳೆಗೆ ಅದರ ಮೈಕಟ್ಟು ಮರಳಿತು. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿನ ಮಂದ್ರಸ್ಥಾಯಿಯೂ ಈಗ ಸ್ವರ ಸ್ವರವಾಗಿ ಬಿಡಿಸಿಕೊಂಡು ಬರುತ್ತದೆ.

ಅಂಗಳದ ತುಂಬ ಕೇಳಬೇಕೆನ್ನುವವರಿಗೆ ಇದು ಸಾಲದು. ಸಣ್ಣ ಕೋಣೆಗೆ ತರಿಸುವವರು ಸ್ಟ್ಯಾಂಡಿಗೂ ಹಣ ತೆಗೆದಿಡಿ. ಏರುಧ್ವನಿ ಹೊರಡುವ ಟ್ವೀಟರ್ ಕಿವಿಯ ಮಟ್ಟಕ್ಕೆ ಬಾರದಿದ್ದರೆ ಚೆಂಡೆ ಮಂಕಾಗುತ್ತದೆ.